ಹಡಗಿಗೆ ನಿಮ್ಮದೇ ವೈನ್ ಒಯ್ಯುತ್ತೀರಾ? ಬಾಟಲಿ ಸೂಟ್‌ಕೇಸ್‌ನಲ್ಲಿ ಬೇಡ

ನಮ್ಮ ಕ್ರೂಸ್ ಹಡಗು ಹೊರಟು ಎರಡು ಗಂಟೆಯಾಗಿತ್ತು. ಅಕ್ಕಪಕ್ಕದ ಕ್ಯಾಬಿನ್‌ಗಳ ಬಾಗಿಲ ಮುಂದೆ ಸೂಟ್‌ಕೇಸ್‌ಗಳು ಬಂದು ನಿಂತಿದ್ದವು. ನಮ್ಮ ಎರಡರಲ್ಲಿ ಒಂದೇ ಬಂದಿತ್ತು. ಬಾರದೇ ಇದ್ದದ್ದರಲ್ಲಿ ಮನೆಯವಳ ಸೀರೆ, ನನ್ನ ಬಿ.ಪಿ. ಮಾತ್ರೆ, ಮತ್ತೆ ಬೆಂಗಳೂರಿನಿಂದ ಪಂಚೆಯಲ್ಲಿ ಸುತ್ತಿ ತಂದಿದ್ದ ಎರಡು ಬಾಟಲಿ ವೈನ್. ಫೋನ್ ಮಾಡಿದರೆ ಕೆಳಗಿನ ಡೆಕ್‌ಗೆ ಬನ್ನಿ ಅಂದರು. ಅಲ್ಲೊಂದು ಕಿಟಕಿಯಿಲ್ಲದ ಸಣ್ಣ ರೂಮು. ಮುಖ ಸಪ್ಪಗೆ ಮಾಡಿಕೊಂಡ ಹತ್ತು ಹನ್ನೆರಡು ಜನ. ಒಬ್ಬರ ಇಸ್ತ್ರಿಪೆಟ್ಟಿಗೆ ಸಿಕ್ಕಿಬಿದ್ದಿತ್ತು, ಒಬ್ಬ ಅಜ್ಜಿಯ ಎಲೆಕ್ಟ್ರಿಕ್ ಕೆಟಲ್, ನಮ್ಮದು ವೈನ್.

ಸೆಕ್ಯುರಿಟಿಯವನು ನಮ್ಮ ಕೈಯಲ್ಲೇ ಸೂಟ್‌ಕೇಸ್ ತೆಗೆಸಿದ. ಪಂಚೆ ಬಿಡಿಸಿ, ಬಾಟಲಿಗಳಿಗೆ ಚೀಟಿ ಕಟ್ಟಿ, ರಸೀತಿ ಕೊಟ್ಟ. ತಮಾಷೆ ಅಂದರೆ, ಆ ಹಡಗಿಗೆ ತಲೆಗೊಂದು ಬಾಟಲಿ ವೈನ್ ತರಲು ಅವಕಾಶ ಇತ್ತು! ನಾವು ಕೈಯಲ್ಲಿ ಹಿಡಿದು ಹತ್ತಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಸೂಟ್‌ಕೇಸ್‌ನಲ್ಲಿ ಹಾಕಿದ್ದೇ ತಪ್ಪು. ನಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಅಂತ ತಂದ ವೈನ್ ಬಾಟಲಿಯ ಬಿರಡೆ ತೆಗೆದದ್ದು ವಾಪಸ್ ಬೆಂಗಳೂರಿಗೆ ಬಂದಮೇಲೆ, ಊಟದ ಮನೆಯಲ್ಲಿ, ಬಿಸಿಬೇಳೆಬಾತ್ ಜೊತೆ.

ಆಮೇಲೆ ಇನ್ನೂ ಕೆಲವು ಸಲ ಹೋಗಿಬಂದಿದ್ದೇವೆ. ಈಗ ಬಾಟಲಿ ತಪ್ಪದೆ ಟೇಬಲ್ ಮುಟ್ಟುತ್ತದೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ನಿಮ್ಮ ಹಡಗಿನ ನಿಯಮ ನೋಡಿ

ಬಾರ್ ಮಾರಾಟ ಹಡಗಿನವರಿಗೆ ಒಳ್ಳೆಯ ಆದಾಯ. ಹಾಗಾಗಿ ವಿಸ್ಕಿ, ರಮ್, ಜಿನ್ ಯಾವುದನ್ನೂ ಹೊರಗಿನಿಂದ ತರಲು ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಬಿಡುವುದಿಲ್ಲ. ವೈನ್ ಮತ್ತು ಶಾಂಪೇನ್‌ಗೆ ಮಾತ್ರ ಸ್ವಲ್ಪ ರಿಯಾಯಿತಿ. ಆ ರಿಯಾಯಿತಿ ಎಷ್ಟು ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ರಾಯಲ್ ಕೆರಿಬಿಯನ್‌ನಲ್ಲಿ ಹಡಗು ಹತ್ತುವ ದಿನ, ಕುಡಿಯುವ ವಯಸ್ಸಾದ ಪ್ರತಿಯೊಬ್ಬರೂ 750 ಮಿ.ಲೀ.ನ ಒಂದು ಬಾಟಲಿ ತರಬಹುದು. ಕಾರ್ನಿವಲ್‌ನಲ್ಲೂ ಹಾಗೇ, ಅಲ್ಲಿ 21 ತುಂಬಿರಬೇಕು. ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕಾ ಕಂಪನಿಗಳಲ್ಲಿ ತಲೆಗೆ ಮೊದಲ ಬಾಟಲಿ ಕ್ಯಾಬಿನ್‌ನಲ್ಲಿ ಕುಡಿದರೆ ಪುಕ್ಕಟೆ. ಜಾಸ್ತಿ ತಂದರೂ ಬಿಡುತ್ತಾರೆ, ಆದರೆ ಆ ಹೆಚ್ಚಿನ ಒಂದೊಂದಕ್ಕೂ 20 ಡಾಲರ್ ಕಾರ್ಕೇಜ್ ಕಟ್ಟಬೇಕು. ಕಾರ್ಕೇಜ್ ಅಂದರೆ ನೀವು ತಂದ ಬಾಟಲಿಗೆ ಅವರು ಹಾಕುವ ಶುಲ್ಕ. ಮದುವೆ ಛತ್ರಕ್ಕೆ ನಮ್ಮದೇ ಅಡುಗೆಯವರನ್ನು ಕರೆದುಕೊಂಡು ಹೋದರೆ ಬೇರೆ ಚಾರ್ಜ್ ಹಾಕುತ್ತಾರಲ್ಲ, ಆ ಥರ.

ನಾರ್ವೇಜಿಯನ್ ಕ್ರೂಸ್ ಲೈನ್‌ನ ಲೆಕ್ಕವೇ ಬೇರೆ. ಎಷ್ಟು ಬಾಟಲಿ ಬೇಕಾದರೂ ತನ್ನಿ ಅನ್ನುತ್ತಾರೆ, ಆದರೆ ಹತ್ತುವಾಗಲೇ ಪ್ರತಿಯೊಂದಕ್ಕೂ 15 ಡಾಲರ್. ಒಂದೂವರೆ ಲೀಟರಿನ ದೊಡ್ಡ ಬಾಟಲಿಯಾದರೆ 30. ಕ್ಯಾಬಿನ್‌ನಲ್ಲಿ ಕುಡಿಯುತ್ತೇನೆ ಅಂದರೂ ಶುಲ್ಕ ಬಿಡುವುದಿಲ್ಲ. ಅಮೆರಿಕದಿಂದ ಹೊರಡುವ ಡಿಸ್ನಿ ಹಡಗುಗಳು ಇದರಲ್ಲಿ ಉದಾರಿಗಳು. ದೊಡ್ಡವರು ತಲೆಗೆ ಎರಡು ಬಾಟಲಿ ವೈನ್, ಇಲ್ಲವೇ ಆರು ಬಿಯರ್ ತರಬಹುದು, ಅದೂ ಹತ್ತುವ ದಿನ ಮಾತ್ರವಲ್ಲ, ನಡುವೆ ನಿಲ್ಲುವ ಪ್ರತಿ ಬಂದರಿನಲ್ಲೂ. ಮಕ್ಕಳ ಹಡಗು ಅಂತ ನಗುವವರು ಇದನ್ನು ಗಮನಿಸಿ. ವೈಕಿಂಗ್‌ನಲ್ಲಂತೂ ಲೆಕ್ಕವೂ ಇಲ್ಲ, ಶುಲ್ಕವೂ ಇಲ್ಲ. ಆದರೆ ಅಲ್ಲಿ ಮಧ್ಯಾಹ್ನ, ರಾತ್ರಿ ಊಟದ ಜೊತೆ ವೈನ್ ಟಿಕೆಟ್‌ನಲ್ಲೇ ಸೇರಿರುವುದರಿಂದ ತರುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೇಲಿಯಾ ಹತ್ತುವವರಿಗೆ ಈ ಲೇಖನದಿಂದ ಹೆಚ್ಚು ಉಪಯೋಗ ಇಲ್ಲ. ಅಲ್ಲಿ ಹೊರಗಿನ ಮದ್ಯಕ್ಕೆ ಅವಕಾಶ ಇಲ್ಲ. ಲಕ್ಷದ್ವೀಪದಲ್ಲೂ ಬಂಗಾರಂ ದ್ವೀಪ ಬಿಟ್ಟರೆ ಪಾನನಿಷೇಧ. ಅದಕ್ಕೇ ಬ್ಯಾಗ್‌ನಲ್ಲಿ ಬಾಟಲಿ ಇಟ್ಟುಕೊಂಡು ದ್ವೀಪಕ್ಕೆ ಇಳಿಯುವ ಯೋಚನೆಯನ್ನೂ ಮಾಡಬೇಡಿ.

ಈ ನಿಯಮಗಳನ್ನು ಕಂಪನಿಗಳು ಆಗಾಗ ಬದಲಾಯಿಸುತ್ತವೆ. ಹೊರಡುವ ವಾರ ಕಂಪನಿಯ ಸೈಟ್‌ನಲ್ಲಿ 'ಆಲ್ಕೋಹಾಲ್ ಪಾಲಿಸಿ' ಪುಟ ತೆಗೆದು, ಫೋನ್‌ನಲ್ಲಿ ಸ್ಕ್ರೀನ್‌ಶಾಟ್ ಹೊಡೆದಿಟ್ಟುಕೊಳ್ಳಿ. ಗೇಟಿನಲ್ಲಿ ವಾದ ಬಂದರೆ ನೆನಪಿಗಿಂತ ಸ್ಕ್ರೀನ್‌ಶಾಟ್ ವಾಸಿ. ಟ್ರಾವೆಲ್ ಏಜೆಂಟ್ "ಏನೂ ಪ್ರಾಬ್ಲಮ್ ಇಲ್ಲ ಸಾರ್" ಅಂದರೆ ನಂಬಬೇಡಿ. ನಮಗೆ ಹಾಗೇ ಅಂದಿದ್ದರು.

ವಯಸ್ಸಿನ ವಿಷಯ: ಅಮೆರಿಕದಿಂದ ಹೊರಡುವ ಹಡಗುಗಳಲ್ಲಿ 21. ರಾಯಲ್ ಕೆರಿಬಿಯನ್‌ನಂಥ ಹಡಗು ಯುರೋಪ್, ಏಷ್ಯಾದಿಂದ ಹೊರಟರೆ 18.

ಉಳಿತಾಯ ನಿಜವಾಗಿ ಎಷ್ಟು?

ಒಂದು ಬಾಟಲಿಯಲ್ಲಿ 150 ಮಿ.ಲೀ.ನ ಐದು ಗ್ಲಾಸ್ ಬರುತ್ತದೆ. ಹಡಗಿನ ಬಾರಿನಲ್ಲಿ ಒಂದು ಗ್ಲಾಸ್ 13 ಡಾಲರ್ ಅಂತಿಟ್ಟುಕೊಳ್ಳಿ. ಅದರ ಮೇಲೆ ಶೇ. 18 ಟಿಪ್ಸ್ ತಾನಾಗಿಯೇ ಬಿಲ್‌ಗೆ ಬೀಳುತ್ತದೆ, ಕೆಲವು ಕಡೆ ಶೇ. 20. ಐದು ಗ್ಲಾಸಿಗೆ 76 ಡಾಲರ್ ದಾಟಿತು. ಅಂಗಡಿಯಲ್ಲಿ 15 ಡಾಲರಿಗೆ ಸಿಗುವ ಬಾಟಲಿ ತಂದು, 15 ಡಾಲರ್ ಕಾರ್ಕೇಜ್ ಕಟ್ಟಿದರೂ 30ಕ್ಕೆ ಮುಗಿಯಿತು. ಕ್ಯಾಬಿನ್‌ನಲ್ಲೇ ಕುಡಿದು ಕಾರ್ಕೇಜ್ ಇಲ್ಲ ಅಂದರೆ 15.

ಆದರೆ ನೀವು ಆಗಲೇ ಡ್ರಿಂಕ್ಸ್ ಪ್ಯಾಕೇಜ್, ಅಂದರೆ ದಿನಕ್ಕಿಷ್ಟು ಅಂತ ದುಡ್ಡು ಕಟ್ಟಿ ಹಡಗಿನ ಬಾರಿನಲ್ಲಿ ಕುಡಿಯುವ ವ್ಯವಸ್ಥೆ, ತೆಗೆದುಕೊಂಡಿದ್ದರೆ ಬಾಟಲಿ ಹೊರುವುದು ಸುಮ್ನೆ. ಹೇಗೂ ದುಡ್ಡು ಕಟ್ಟಿದ್ದೀರಿ, ಅಲ್ಲೇ ಕುಡಿಯಿರಿ.

ನಮ್ಮಂಥ ಜೋಡಿಗಳಿಗೆ ಒಂದು ವಿಶೇಷ ಲೆಕ್ಕ ಇದೆ. ಎಷ್ಟೋ ಮನೆಗಳಲ್ಲಿ ಒಬ್ಬರು ಕುಡಿಯುತ್ತಾರೆ, ಇನ್ನೊಬ್ಬರು ಮುಟ್ಟುವುದಿಲ್ಲ. ರಾಯಲ್ ಕೆರಿಬಿಯನ್‌ನಲ್ಲಿ ಒಂದು ಕ್ಯಾಬಿನ್‌ನ ಒಬ್ಬರು ದೊಡ್ಡ ಡ್ರಿಂಕ್ಸ್ ಪ್ಯಾಕೇಜ್ ತೆಗೆದುಕೊಂಡರೆ ಆ ಕ್ಯಾಬಿನ್‌ನ ಎಲ್ಲ ದೊಡ್ಡವರೂ ತೆಗೆದುಕೊಳ್ಳಬೇಕು. ನಿಂಬೆ ಶರಬತ್ತಿಗಿಂತ ಮೇಲೇಳದ ಮನೆಯವಳ ಹೆಸರಿನಲ್ಲಿ ದಿನಾ ಪ್ಯಾಕೇಜ್ ದುಡ್ಡು ಕಟ್ಟುವುದು ಹೊಟ್ಟೆ ಉರಿಯುವ ಕೆಲಸ. ಬಾಟಲಿಯ ಕೋಟಾ ಹಾಗಲ್ಲ. ಅದು ತಲೆಲೆಕ್ಕ, ಕುಡಿಯುತ್ತಾರೋ ಇಲ್ಲವೋ ಕೇಳುವುದಿಲ್ಲ. ಇಬ್ಬರಿಗೆ ಎರಡು ಬಾಟಲಿ, ಅಂದರೆ ಹತ್ತು ಗ್ಲಾಸ್. ನಾಲ್ಕು ರಾತ್ರಿಯ ಪ್ರಯಾಣಕ್ಕೆ ಒಬ್ಬರಿಗೆ ಬೇಕಾದಷ್ಟಾಯಿತು. ಒಂದೇ ಷರತ್ತು: ಅವರವರ ಬಾಟಲಿ ಅವರವರ ಬ್ಯಾಗಿನಲ್ಲಿರಲಿ.

ಯಾವ ಬಾಟಲಿ?

ಸೀಲ್ ಒಡೆಯದ, ಲೇಬಲ್ ಇರುವ, 750 ಮಿ.ಲೀ.ನ ಗಾಜಿನ ಬಾಟಲಿ. ಡಬ್ಬಿಯಲ್ಲಿ ಬರುವ ಮೂರು ಲೀಟರ್ ವೈನ್ ತಲೆಗೊಂದು ಬಾಟಲಿ ನಿಯಮದ ಹಡಗುಗಳಲ್ಲಿ ನಡೆಯುವುದಿಲ್ಲ.

ಕೊಡಗಿನವರಿಗೆ ಒಂದು ಬೇಸರದ ಸುದ್ದಿ. ಅತ್ತೆ ಮನೆಯಲ್ಲಿ ಭರಣಿಯಲ್ಲಿ ಹಾಕಿದ ಶುಂಠಿ ವೈನ್, ನೆಲ್ಲಿಕಾಯಿ ವೈನ್, ವೀಳ್ಯದೆಲೆ ವೈನ್ ಎಷ್ಟೇ ರುಚಿಯಾಗಿದ್ದರೂ ಹಡಗಿಗೆ ಹತ್ತುವುದಿಲ್ಲ. ಕಾರ್ಖಾನೆಯ ಸೀಲ್ ಇಲ್ಲದ ಬಾಟಲಿ ಅಂದರೆ ಒಳಗೆ ಏನು ಬೇಕಾದರೂ ಇರಬಹುದು ಅಂತ ಅವರ ಲೆಕ್ಕ. ಪೋರ್ಟ್ ವೈನ್ ಕೂಡ ಯೋಚಿಸಿ ತೆಗೆದುಕೊಳ್ಳಿ. ನಿಜವಾದ ಪೋರ್ಟ್‌ಗೆ ಬ್ರಾಂದಿ ಸೇರಿಸಿ ಗಟ್ಟಿ ಮಾಡಿರುತ್ತಾರೆ. ಡಿಸ್ನಿಯವರು ಅಂಥದ್ದು ಬೇಡ ಅಂತ ನೇರವಾಗಿ ಬರೆದಿದ್ದಾರೆ.

ಊರಿನ ವೈನನ್ನೇ ಒಯ್ಯಬೇಕು ಅನಿಸಿದರೆ ನಂದಿ ಬೆಟ್ಟದ ಕಡೆಯ ಗ್ರೋವರ್ ಜಾಂಪಾ ಇದೆ. ಅವರ 'ಲಾ ರಿಸರ್ವ್' ಕೆಂಪು ವೈನ್, ಕ್ಯಾಬರ್ನೆ ಸೋವಿನ್ಯೋಂ ಮತ್ತು ಶಿರಾಜ್ ದ್ರಾಕ್ಷಿಗಳದ್ದು. ನಾವು ಒಯ್ದದ್ದು ಅದನ್ನೇ. ಆದರೆ ಕೊಳ್ಳಲು ದೊಡ್ಡ ಅಂಗಡಿಗೇ ಹೋಗಿ. ನಮ್ಮೂರಿನಲ್ಲಿ 'ವೈನ್ಸ್' ಅಂತ ಬೋರ್ಡ್ ಹಾಕಿದ ಎಷ್ಟೋ ಕಡೆ ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ.

ಹತ್ತು ಹದಿನೈದು ವರ್ಷ ಹಳೆಯ ದುಬಾರಿ ಕೆಂಪು ವೈನ್ ಬೇಡ. ಅದರ ತಳದಲ್ಲಿ ಗಸಿ ಕೂತಿರುತ್ತದೆ. ವಿಮಾನ, ಟ್ಯಾಕ್ಸಿ, ಹಡಗು ಅಂತ ಕುಲುಕಾಡಿ ಆ ಗಸಿಯೆಲ್ಲ ಎದ್ದರೆ ಬಾಯಿಗೆ ಒಗರು, ಕಣ್ಣಿಗೆ ಕದಡಿದ ನೀರು. ತೀರಾ ಹಳೆಯದಲ್ಲದ, ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ ಸಿಕ್ಕರೆ ಇನ್ನೂ ಒಳ್ಳೆಯದು. ಬಿರಡೆ ತೆಗೆಯುವ ಸ್ಕ್ರೂ ಹುಡುಕುವ ತಾಪತ್ರಯ ಇಲ್ಲ. ಬಿರಡೆಯದ್ದೇ ತಂದಿದ್ದರೆ ಕ್ಯಾಬಿನ್ ನೋಡಿಕೊಳ್ಳುವ ಹುಡುಗನನ್ನು ಕೇಳಿ, ಸ್ಕ್ರೂ ತಂದುಕೊಡುತ್ತಾನೆ.

ಬಂದರಿನವರೆಗೆ

ವಿಮಾನದಲ್ಲಿ ಹೋಗುವವರಿಗೆ ಬಾಟಲಿ ಚೆಕ್‌-ಇನ್ ಸೂಟ್‌ಕೇಸ್‌ನಲ್ಲೇ ಇರಬೇಕು, ಯಾಕೆಂದರೆ ಕೈಚೀಲದಲ್ಲಿ 100 ಮಿ.ಲೀ.ಗಿಂತ ದೊಡ್ಡ ದ್ರವದ ಬಾಟಲಿ ಬಿಡುವುದಿಲ್ಲ. ಮೊದಲು ಪ್ಲಾಸ್ಟಿಕ್ ಕವರ್ ಎರಡು ಸುತ್ತು, ಆಮೇಲೆ ಪಂಚೆ ಅಥವಾ ಟರ್ಕಿ ಟವಲ್, ಸೂಟ್‌ಕೇಸಿನ ನಟ್ಟನಡುವೆ, ಎಲ್ಲ ಕಡೆ ಬಟ್ಟೆ. ಗಾಳಿಯ ಒತ್ತಡಕ್ಕೆ ಬಾಟಲಿ ಸಿಡಿಯುತ್ತದೆ ಅನ್ನುವ ಭಯ ಬೇಡ. ಒಡೆಯುವುದು ಲಗೇಜ್ ಎತ್ತಿ ಎಸೆಯುವಾಗ. ಒಂದು ಬಾಟಲಿ ಒಂದೂಕಾಲು ಕಿಲೋ ಹತ್ತಿರ ತೂಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಿಂಗಾಪುರದಿಂದ ಹಡಗು ಹತ್ತುವವರಿಗೆ ಸುಲಭ ದಾರಿ ಒಂದಿದೆ. ಚಾಂಗಿ ಏರ್‌ಪೋರ್ಟ್‌ನಲ್ಲಿ ಬಂದಿಳಿದ ಮೇಲೂ ಡ್ಯೂಟಿ ಫ್ರೀ ಅಂಗಡಿ ಇದೆ. ಅಲ್ಲೇ ಕೊಂಡರೆ ಒಡೆಯುವ ಭಯವೂ ಇಲ್ಲ, ಬೆಂಗಳೂರಿನಿಂದ ಹೊರುವ ಕಷ್ಟವೂ ಇಲ್ಲ. 18 ತುಂಬಿದವರು ಸುಂಕ ಕಟ್ಟದೆ ತಲೆಗೆ ಎರಡು ಲೀಟರ್ ವೈನ್ ಒಳಗೆ ಒಯ್ಯಬಹುದು. ಅದಕ್ಕೆ ಸಿಂಗಾಪುರದ ಹೊರಗೆ ಕನಿಷ್ಠ 48 ಗಂಟೆ ಇದ್ದಿರಬೇಕು, ಮಲೇಷ್ಯಾದಿಂದ ಬರುತ್ತಿರಬಾರದು. ಈ ಮಲೇಷ್ಯಾ ಷರತ್ತು ನೆನಪಿಡಿ, ವಾಪಸ್ ಬರುವಾಗ ಕಾಡುತ್ತದೆ. ಮಲೇಷ್ಯಾದ ಪೆನಾಂಗ್ ಕೊನೆಯ ನಿಲ್ದಾಣವಾಗಿ ಸಿಂಗಾಪುರಕ್ಕೆ ಇಳಿದರೆ ಈ ರಿಯಾಯಿತಿ ಸಿಗುವುದಿಲ್ಲ.

ಅಮೆರಿಕದಲ್ಲಿರುವ ನಮ್ಮವರು ಅಲಾಸ್ಕಾಗೆ ಸಿಯಾಟಲ್‌ನಿಂದ, ಬಹಾಮಾಸ್ ಕಡೆಗೆ ಮಯಾಮಿಯಿಂದ ಹೋಗುವುದು ಜಾಸ್ತಿ. ಎರಡೂ ಕಡೆ ಸೂಪರ್ ಮಾರ್ಕೆಟ್‌ನಲ್ಲೇ ವೈನ್ ಸಿಗುತ್ತದೆ. ಹಿಂದಿನ ದಿನ ಸಂಜೆ ಹಾಲು, ಮೊಸರು ತರುವಾಗಲೇ ತಂದುಬಿಡಿ. ನ್ಯೂಯಾರ್ಕ್‌ನಿಂದ ಹತ್ತುವವರು ಮಾತ್ರ ಹುಷಾರು. ಆ ರಾಜ್ಯದಲ್ಲಿ ದಿನಸಿ ಅಂಗಡಿಯವರು ವೈನ್ ಮಾರುವಂತಿಲ್ಲ, ಬೇರೆ ವೈನ್ ಅಂಗಡಿಯನ್ನೇ ಹುಡುಕಬೇಕು.

ಹತ್ತುವ ದಿನ, ಟರ್ಮಿನಲ್‌ನಲ್ಲಿ

ನಾವು ಎಡವಿದ್ದು ಇಲ್ಲೇ.

ಟ್ಯಾಕ್ಸಿ ಇಳಿದ ಕೂಡಲೇ ಪೋರ್ಟರ್‌ಗಳು ಗಾಡಿ ತಳ್ಳಿಕೊಂಡು ಬರುತ್ತಾರೆ. ನಿಮ್ಮ ಸೂಟ್‌ಕೇಸಿಗೆ ಕ್ಯಾಬಿನ್ ನಂಬರಿನ ಟ್ಯಾಗ್ ಇದ್ದರೆ ಸಾಕು, ಎತ್ತಿ ಗಾಡಿಗೆ ಹಾಕುತ್ತಾರೆ. ಎಲ್ಲ ಒಂದೇ ನಿಮಿಷದ ಕೆಲಸ. ಆ ಸೂಟ್‌ಕೇಸ್‌ಗಳು ಬೇರೆ ದಾರಿಯಲ್ಲಿ ಸ್ಕ್ಯಾನ್ ಆಗಿ ಹಡಗಿನ ಹೊಟ್ಟೆಗೆ ಹೋಗುತ್ತವೆ. ಅಲ್ಲಿ ಬಾಟಲಿ ಕಂಡರೆ, ಅದು ನಿಯಮದೊಳಗಿನ ಬಾಟಲಿಯೋ ಅಲ್ಲವೋ ಅಂತ ಯಾರೂ ನಿಮ್ಮನ್ನು ಕರೆದು ಕೇಳುವುದಿಲ್ಲ. ಪೆಟ್ಟಿಗೆಯನ್ನೇ ಪಕ್ಕಕ್ಕೆ ಎಳೆದಿಡುತ್ತಾರೆ.

ಅದಕ್ಕೆ ಟ್ಯಾಕ್ಸಿಯಿಂದ ಇಳಿದ ಮೇಲೆ ಬಾಟಲಿ ತೆಗೆಯೋಣ ಅಂದುಕೊಳ್ಳಬೇಡಿ. ಪೋರ್ಟರ್ ಅವಸರ ಮಾಡುತ್ತಾನೆ, ಹಿಂದಿನ ಕಾರು ಹಾರ್ನ್ ಹೊಡೆಯುತ್ತದೆ, ಫುಟ್‌ಪಾತ್ ಮೇಲೆ ಒಳಬಟ್ಟೆ ಹರಡಿಕೊಂಡು ಕೂರಬೇಕಾಗುತ್ತದೆ. ಬೆಳಿಗ್ಗೆ ಹೋಟೆಲ್ ರೂಮಿನಲ್ಲೇ ಬಾಟಲಿ ಸೂಟ್‌ಕೇಸ್‌ನಿಂದ ಕೈಚೀಲಕ್ಕೆ ಬರಲಿ. ಪಂಚೆ ಬಿಡಿಸಬೇಡಿ, ಹಾಗೇ ಇಡಿ. ನಿಂತ ಬ್ಯಾಗಿಗಿಂತ ಹೆಗಲಿಗೆ ಹಾಕುವ ಬ್ಯಾಗ್ ವಾಸಿ, ಸ್ಕ್ಯಾನರ್ ಬೆಲ್ಟಿನ ಮೇಲೆ ಅಡ್ಡ ಮಲಗಿಸಬಹುದು. ಮಾತ್ರೆ, ಪಾಸ್‌ಪೋರ್ಟ್ ಕೂಡ ಅದರಲ್ಲೇ ಇರಲಿ, ಸೂಟ್‌ಕೇಸ್ ಕ್ಯಾಬಿನ್‌ಗೆ ಬರಲು ಸಂಜೆಯಾಗಬಹುದು.

ಸ್ಕ್ಯಾನರ್ ಹತ್ತಿರ ಯಾರಾದರೂ ಕೇಳಿದರೆ ಮುಚ್ಚಿಡಬೇಡಿ. ವೈನ್ ಇದೆ, ಒಬ್ಬರಿಗೊಂದು, ಅಂತ ಹೇಳಿ ತೋರಿಸಿ. ನಾರ್ವೇಜಿಯನ್‌ನಂಥ ಕಡೆ ಅಲ್ಲೇ ಮೇಜು ಹಾಕಿ ಕಾರ್ಕೇಜ್ ಬಿಲ್ ಮಾಡಿ ಬಾಟಲಿಗೆ ಸ್ಟಿಕರ್ ಅಂಟಿಸುತ್ತಾರೆ. ಆ ಸ್ಟಿಕರ್ ಕೀಳಬೇಡಿ. ರಾತ್ರಿ ಊಟದಲ್ಲಿ ಮತ್ತೆ ದುಡ್ಡು ಕೇಳದಂತೆ ತಡೆಯುವುದು ಅದೇ.

ಕಳ್ಳದಾರಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಮೌತ್‌ವಾಶ್ ಬಾಟಲಿಯಲ್ಲಿ ಬಣ್ಣ ಹಾಕಿದ ಜಿನ್, ನೀರಿನ ಬಾಟಲಿಯಲ್ಲಿ ವೋಡ್ಕಾ, ಶಾಂಪೂ ಪೊಟ್ಟಣದಲ್ಲಿ ರಮ್. ಸೆಕ್ಯುರಿಟಿಯವರು ಇವನ್ನೆಲ್ಲ ನಮಗಿಂತ ಚೆನ್ನಾಗಿ ಬಲ್ಲರು. ಈ ನೀರಿನ ಬಾಟಲಿ ಆಟ ಎಷ್ಟು ಜಾಸ್ತಿಯಾಯಿತೆಂದರೆ, 2015ರಲ್ಲಿ ಕಾರ್ನಿವಲ್‌ನವರು ನೀರು, ಸೋಡಾ ಬಾಟಲಿಗಳನ್ನೇ ನಿಲ್ಲಿಸಿ ಕ್ಯಾನ್ ಮಾತ್ರ ತನ್ನಿ ಅಂದರು. ಸಿಕ್ಕಿಬಿದ್ದದ್ದನ್ನು ಸುರಿದುಬಿಡುವುದೂ ಉಂಟು. ರಜೆಯ ಮೊದಲ ದಿನವೇ ತಲೆತಗ್ಗಿಸಿ ನಿಲ್ಲುವುದು ಯಾರಿಗೆ ಬೇಕು?

ಹಡಗಿನೊಳಗೆ

ಕ್ಯಾಬಿನ್‌ನ ಪುಟ್ಟ ಫ್ರಿಜ್ ಹೆಸರಿಗೆ ಫ್ರಿಜ್. ಅಷ್ಟೊಂದು ತಣ್ಣಗೆ ಮಾಡುವುದಿಲ್ಲ, ಬಾಟಲಿ ನಿಲ್ಲಿಸಲು ಜಾಗವೂ ಇರುವುದಿಲ್ಲ. ಬಿಳಿ ವೈನ್, ಶಾಂಪೇನ್ ತಂದವರು ಐಸ್ ಬಕೆಟ್ ಕೇಳಿ ಇಸಿದುಕೊಳ್ಳಿ. ಬರೀ ಐಸ್ ಹಾಕಬೇಡಿ, ಅರ್ಧ ನೀರೂ ಬೆರೆಸಿ. ನೀರು ಬಾಟಲಿಯ ಸುತ್ತ ಎಲ್ಲ ಕಡೆ ತಾಗುವುದರಿಂದ ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತದೆ. ಕೆಂಪು ವೈನ್‌ಗೂ ಸಿಂಗಾಪುರದ ಸೆಕೆಯಲ್ಲಿ ಹತ್ತು ನಿಮಿಷ ಐಸ್ ಸ್ನಾನ ಮಾಡಿಸಿದರೆ ತಪ್ಪಿಲ್ಲ. ಬಲ್ಲವರು ಬೈಯಬಹುದು, ಬೈಯಲಿ.

ಊಟದ ಹಾಲ್‌ಗೆ ಬಾಟಲಿ ಒಯ್ದರೆ ಕಾರ್ಕೇಜ್ ಬೀಳುತ್ತದೆ. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಲ್ಲಿ 15 ಡಾಲರ್, ಪ್ರಿನ್ಸೆಸ್‌ನಲ್ಲಿ 20. ನನ್ನ ಕೇಳಿದರೆ, ಒಂದು ವಿಶೇಷದ ರಾತ್ರಿ ಅದನ್ನು ಕಟ್ಟಬಹುದು. ವೇಟರ್ ಬಾಟಲಿ ತೆರೆಯುತ್ತಾನೆ, ಒಳ್ಳೆಯ ಗ್ಲಾಸ್ ತರುತ್ತಾನೆ, ಬಿಳಿ ಬಟ್ಟೆ ಸುತ್ತಿ ಬಗ್ಗಿಸುತ್ತಾನೆ. ಅರ್ಧ ಉಳಿದರೆ ಗಾಬರಿ ಬೇಡ, ಮತ್ತೆ ಬಿರಡೆ ಹಾಕಿ, ಕ್ಯಾಬಿನ್ ನಂಬರ್ ಬರೆದು ಎತ್ತಿಡುತ್ತಾರೆ. ಮರುದಿನ ಊಟಕ್ಕೆ ಕೂತು ನಂಬರ್ ಹೇಳಿದರೆ ಅದೇ ಬಾಟಲಿ ಬರುತ್ತದೆ, ಹೊಸದಾಗಿ ಕಾರ್ಕೇಜ್ ಇಲ್ಲ. ಉಳಿದ ದಿನಗಳಲ್ಲಿ ನಾನು ಬಾಲ್ಕನಿಯಲ್ಲೇ ಒಂದು ಗ್ಲಾಸ್ ಸುರಿದುಕೊಂಡು ಕೂರುತ್ತೇನೆ. ಎರಡೇ ಗುಟುಕು ಉಳಿದ ಗ್ಲಾಸ್ ಹಿಡಿದು ಊಟಕ್ಕೆ ನಡೆದದ್ದೂ ಇದೆ, ಯಾರೂ ಕಣ್ಣೆತ್ತಿ ನೋಡಲಿಲ್ಲ.

ಇನ್ನೊಂದು ಮಾತು: ಬಾಲ್ಕನಿ ಮೇಜಿನ ಮೇಲೆ ಬಾಟಲಿ ಬಿಟ್ಟು ಒಳಗೆ ಹೋಗಬೇಡಿ. ಹಡಗು ಹೊರಳುವುದು ನಮಗೆ ಗೊತ್ತಾಗದೇ ಇರಬಹುದು, ಬಾಟಲಿಗೆ ಗೊತ್ತಾಗುತ್ತದೆ.

ದಾರಿಯ ಬಂದರಿನಲ್ಲಿ ಕೊಂಡರೆ, ಮತ್ತು ವಾಪಸ್ ಬರುವಾಗ

ನಡುವಿನ ಊರುಗಳಲ್ಲಿ ಇಳಿದಾಗ ವೈನ್ ಕೊಂಡರೆ, ಹೆಚ್ಚಿನ ಹಡಗುಗಳಲ್ಲಿ ಅದನ್ನು ಹತ್ತುವಾಗಲೇ ತೆಗೆದಿಟ್ಟುಕೊಂಡು ರಸೀತಿ ಕೊಡುತ್ತಾರೆ. ಕೊನೆಯ ರಾತ್ರಿ ಅಥವಾ ಇಳಿಯುವ ಬೆಳಿಗ್ಗೆ ವಾಪಸ್. ಹಡಗಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡದ್ದಕ್ಕೂ ಇದೇ ಗತಿ. ರಸೀತಿಯ ಫೋಟೋ ತೆಗೆದಿಟ್ಟುಕೊಳ್ಳಿ, ಚೀಟಿ ಎಲ್ಲೋ ಜೇಬಿನಲ್ಲಿ ಒಗೆತಕ್ಕೆ ಹೋಗಿರುತ್ತದೆ.

ಅಮೆರಿಕಕ್ಕೆ ಇಳಿಯುವವರಿಗೆ ಸಾಮಾನ್ಯವಾಗಿ 21 ತುಂಬಿದ ಒಬ್ಬರಿಗೆ ಒಂದು ಲೀಟರ್ ಸುಂಕವಿಲ್ಲ. ಡಾಲಸ್, ಹ್ಯೂಸ್ಟನ್ ಕಡೆಯವರು ಗ್ಯಾಲ್ವೆಸ್ಟನ್‌ನಿಂದ ಮೆಕ್ಸಿಕೋಗೆ ಹೋಗಿಬಂದರೆ ಇನ್ನೊಂದು ಮೇಜು ಎದುರಾಗುತ್ತದೆ. ಟೆಕ್ಸಸ್ ರಾಜ್ಯದ ಮದ್ಯ ಇಲಾಖೆಯವರು ಅಲ್ಲೇ ಕೂತು ತಮ್ಮ ತೆರಿಗೆ ವಸೂಲಿ ಮಾಡುತ್ತಾರೆ. ಕೇಂದ್ರದ ಕಸ್ಟಮ್ಸ್ ಬಿಟ್ಟಿತು ಅಂತ ಇವರು ಬಿಡುವುದಿಲ್ಲ. ದೊಡ್ಡ ಮೊತ್ತವಲ್ಲ, ಚಿಲ್ಲರೆ ಇಟ್ಟುಕೊಂಡಿರಿ.

ಭಾರತಕ್ಕೆ ಬರುವವರಿಗೆ ತಲೆಗೆ ಎರಡು ಲೀಟರ್‌ವರೆಗೆ ಸುಂಕವಿಲ್ಲ, ಅಂದರೆ ಎರಡು ಬಾಟಲಿ ತಂದರೂ ಇನ್ನೂ ಸ್ವಲ್ಪ ಉಳಿಯುತ್ತದೆ.

ಕೊನೆಯ ದಿನ ಎಲ್ಲ ತಿರುವುಮುರುವು. ಹಿಂದಿನ ರಾತ್ರಿಯೇ ಸೂಟ್‌ಕೇಸ್ ಬಾಗಿಲ ಹೊರಗೆ ಇಡಿ ಅನ್ನುತ್ತಾರೆ, ಅದು ಮತ್ತೆ ಸಿಗುವುದು ಟರ್ಮಿನಲ್‌ನಲ್ಲಿ. ತೆಗೆದಿಟ್ಟ ಬಾಟಲಿ ನಿಮ್ಮ ಕೈಗೆ ಬರುವುದು ಬೆಳಿಗ್ಗೆ. ಅದನ್ನು ಕೈಯಲ್ಲಿ ಹಿಡಿದು ಇಳಿಯುತ್ತೀರಿ, ಆದರೆ ಏರ್‌ಪೋರ್ಟ್‌ನಲ್ಲಿ ಕೈಯಲ್ಲಿ ಒಯ್ಯುವ ಹಾಗಿಲ್ಲ. ಚೆಕ್‌-ಇನ್ ಕೌಂಟರ್ ತಲುಪುವ ಮೊದಲು ಪೆಟ್ಟಿಗೆ ಬಿಚ್ಚಿ ಬಾಟಲಿ ಒಳಗೆ ಸೇರಿಸಬೇಕು. ಹಾಗಾಗಿ ರಾತ್ರಿ ಸೂಟ್‌ಕೇಸ್ ಕಟ್ಟುವಾಗಲೇ ನಡುವೆ ಒಂದು ಬಾಟಲಿಯಷ್ಟು ಜಾಗ ಬಿಡಿ, ಪ್ಲಾಸ್ಟಿಕ್ ಕವರನ್ನೂ ಪಂಚೆಯನ್ನೂ ಅದರೊಳಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ.